ತಕರಾರಿಲ್ಲವೆಂದು ಒತ್ತಿದ ಹೆಬ್ಬೆಟ್ಟು

ನಮ್ಮ ಕುಟುಂಬ ಸಲಹಾ ಕೇಂದ್ರದ ಅಧ್ಯಕ್ಷರಾದ ಮಾಳಿಂಗಪ್ಪನವರೇ, ಈ ಬಿಸಿಲಿನಲ್ಲಿ ರಾಯಚೂರಿನಿಂದ ಬಂದಿರುವ ಅಧಿಕಾರಿಗಳೇ, ಲಿಂಗಸುಗೂರು ಮತ್ತು ಮಸ್ಕಿ ಶಾಖೆಗಳ ನನ್ನ ಗೆಳತಿಯರೇ, ಹಿಂದಿನ ಕೋಣೆಯಿಂದ ಒಗ್ಗರಣೆಯ ವಾಸನೆ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ಶಾಲು ಹೊದಿಸಿದಿರಿ. ಮಾನಪತ್ರ ಓದಿದಿರಿ. ಎಂಟು ವರ್ಷಗಳಲ್ಲಿ ಸಿಂಧನೂರು ಕೇಂದ್ರಕ್ಕೆ ಬಂದ ಮುನ್ನೂರ ನಲವತ್ತು ಸಂಸಾರಗಳಲ್ಲಿ ಮುನ್ನೂರ ಹನ್ನೊಂದನ್ನು ಅಮರಮ್ಮನವರು ಒಂದುಗೂಡಿಸಿದ್ದಾರೆ ಎಂದು ಅದರಲ್ಲಿದೆ. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಆ ಲೆಕ್ಕ ಹಾಕಿದವಳು ನಾನೇ. ಹೋದ ಸೋಮವಾರದವರೆಗೆ ಅದನ್ನು ನಂಬಿದವಳೂ ನಾನೇ. ಈ ಮಾನಪತ್ರವನ್ನು ನಾನು ಮನೆಗೆ ಒಯ್ಯಲಾರೆ. ಅಧ್ಯಕ್ಷರು ನನ್ನ ಕಡೆ ನೋಡುತ್ತಿದ್ದಾರೆ, ಐದು ನಿಮಿಷ ಎಂದು ಹೇಳಿದ್ದರು. ಹತ್ತು ಬೇಕಾಗುತ್ತದೆ ಸರ್, ಅನ್ನ ಆರಿದರೆ ನನ್ನನ್ನು ಬೈಯಿರಿ.

ನಿಮ್ಮ ಕೆಲಸ ಫಲ ಕೊಟ್ಟಿದೆ ಎಂಬುದಕ್ಕೆ ಆಧಾರವೇನು ಎಂದು ಮೇಲಿನವರು ಪ್ರತಿ ವರ್ಷ ಕೇಳುತ್ತಿದ್ದರು. ಕೇಳಬೇಕಾದ್ದೇ. ಆದರೆ ಮನೆಮನೆಗೆ ಹೋಗಿ ನೋಡಲು ನಮಗೆ ಜೀಪಿರಲಿಲ್ಲ, ಜನರೂ ಇರಲಿಲ್ಲ. ಅದಕ್ಕೆ ನಾನೊಂದು ದಾರಿ ಹುಡುಕಿದೆ. ರಾಜಿಯಾದ ದಿನ ಇಬ್ಬರಿಂದಲೂ ಒಂದು ಮುಚ್ಚಳಿಕೆ ಬರೆಸಿಕೊಳ್ಳುವುದು. ಇನ್ನು ಕೈ ಎತ್ತುವುದಿಲ್ಲ ಎಂದು ಗಂಡ. ಇನ್ನು ಮುಂದೆ ನನ್ನದು ಯಾವ ತಕರಾರೂ ಇಲ್ಲ ಎಂದು ಹೆಂಡತಿ. ಅದರ ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು, ಮೇಲೆ ಕೇಂದ್ರದ ಮೊಹರು. ಆರು ತಿಂಗಳಲ್ಲಿ ಹೆಣ್ಣುಮಗಳು ತಿರುಗಿ ಬರದಿದ್ದರೆ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಸಂಸಾರ ಸುಗಮ’ ಎಂದು ಬರೆಯುತ್ತಿದ್ದೆ. ಎಷ್ಟು ಸುಲಭ ನೋಡಿ!

ಈ ಸಮಾರಂಭದ ಸ್ಮರಣ ಸಂಚಿಕೆಗೆ ನಗುನಗುತ್ತಿರುವ ಒಂದು ಜೋಡಿಯ ಫೋಟೋ ಬೇಕೆಂದು ಅಧ್ಯಕ್ಷರು ಹೇಳಿದರು. ತುರ್ವಿಹಾಳದ ಗ್ಯಾನಮ್ಮನನ್ನು ಆರಿಸಿದೆ. ತೊಂಬತ್ತೆರಡನೇ ಇಸವಿಯಲ್ಲಿ ಒಂದೇ ಸಲದ ಮಾತುಕತೆಗೆ ಬಗೆಹರಿದ ಪ್ರಕರಣ ಅವಳದು. ಹೆಸರು ಹೇಳಬಹುದೇ ಎಂದು ಅನುಮಾನ ಬೇಡ, ಹೆಸರು ಹಿಡಿದೇ ಹೇಳಿ ಎಂದು ಅವಳು ಕಳಿಸಿದ್ದಾಳೆ. ಫೋಟೋ ಸ್ಟುಡಿಯೋದ ಕರೀಂಸಾಬರನ್ನು ಕರೆದುಕೊಂಡು ಸೋಮವಾರ ಬಸ್ಸು ಹತ್ತಿದೆ.

ಅವಳು ಅಂಗಳದಲ್ಲಿ ನುಚ್ಚು ಕೇರುತ್ತಿದ್ದಳು. ನನ್ನನ್ನು ಕಂಡದ್ದೇ ಮೊರ ಕೆಳಗಿಟ್ಟು ಎದ್ದು ನಿಂತಳು. ಬನ್ನಿ ಎನ್ನಲಿಲ್ಲ, ಕುಳಿತುಕೊಳ್ಳಿ ಎನ್ನಲಿಲ್ಲ. ಅವಳ ಬಾಯಿಂದ ಬಂದ ಮೊದಲ ಮಾತು ಇದು: "ಅಕ್ಕಾರ, ನಾ ಯಾರ ಮುಂದೂ ತಕರಾರ ಹೇಳಿಲ್ರಿ. ಖರೇನ ಹೇಳಿಲ್ಲ."

ನನಗೆ ತಿಳಿಯಲಿಲ್ಲ. ಆಮೇಲೆ ಕಂಡೆ, ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗಾಗಿತ್ತು. ಏನಾಯಿತು ಎಂದು ಕೇಳಿದೆ. ಬಿದ್ದೆ ಎಂದಳು. ಎರಡನೇ ಸಲ ಕೇಳಿದಾಗ ಒಳಗೆ ಕರೆದು, ಗಂಡ ಮುರಿದು ಮೂರು ವರ್ಷವಾಯಿತು ಎಂದಳು. ನಾನು, ದೇವರೇ, ನಾನು ಅವಳನ್ನೇ ಗದರಿದೆ. ನಮ್ಮ ಹತ್ತಿರ ಯಾಕೆ ಬರಲಿಲ್ಲ ಎಂದು ಗದರಿದೆ.

"ಹ್ಯಾಂಗ ಬರಲ್ರೀ?" ಎಂದಳು. "ತಕರಾರ ಇಲ್ಲಂತ ನೀವ ಹೆಬ್ಬೆಟ್ಟ ಹಚ್ಚಿಸಿಕೊಂಡೀರಿ. ಮೊಹರು ಒತ್ತೀರಿ. ಮತ್ತ ಬಂದ್ರ ಜೇಲಿಗೆ ಹಾಕ್ತಾರಂತ ಮನ್ಯಾಗ ಹೇಳ್ಯಾರ. ಎರಡು ಸಲ ಸಿಂಧನೂರಿಗೆ ಬಂದು ನಿಮ್ಮ ಬೋರ್ಡ್ ನೋಡಿ ತಿರುಗಿ ಹೋಗೀನ್ರಿ."

ಬಾಗಿಲಲ್ಲಿ ನಿಂತಿದ್ದ ಕರೀಂಸಾಬರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡರು. ಸಭಿಕರೇ, ನಾನು ಸುಗಮ ಎಂದು ಬರೆದದ್ದು ಯಾವುದನ್ನು? ಅವಳು ನಮ್ಮ ಬಾಗಿಲಿಂದ ತಿರುಗಿ ಹೋದದ್ದನ್ನೇ?

ಮೂರು ದಿನಗಳಲ್ಲಿ ಇನ್ನೂ ಒಂಬತ್ತು ಮನೆಗೆ ಹೋದೆ. ಎರಡು ಮನೆಯಲ್ಲಿ ನಿಜವಾಗಿ ಚೆನ್ನಾಗಿದ್ದಾರೆ, ಚಹಾ ಕೊಟ್ಟರು, ಇಲ್ಲವೆಂದರೆ ಸುಳ್ಳಾದೀತು. ಒಂದಕ್ಕೆ ಬೀಗ ಹಾಕಿತ್ತು. ಉಳಿದ ಆರರಲ್ಲೂ ಇದೇ ಮಾತು. ಗುರುಗುಂಟಾದ ಒಂದು ಮನೆಯಲ್ಲಿ ಗಂಡ ಆ ಮುಚ್ಚಳಿಕೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾನೆ. ಜಗಳವಾದಾಗಲೆಲ್ಲ ತೆಗೆದು ತೋರಿಸುತ್ತಾನಂತೆ. ತಾನು ಬರೆದುಕೊಟ್ಟ ಸಾಲು ಅವನಿಗೆ ನೆನಪೇ ಇಲ್ಲ. ಅವನು ಮಾತು ಮುರಿದರೆ ಅವಳು ಏನು ಮಾಡಬೇಕು ಎಂದು ಆ ಕಾಗದದಲ್ಲಿ ನಾನೂ ಬರೆದಿರಲಿಲ್ಲ.

ತಕರಾರಿಲ್ಲ ಎಂಬ ಆ ಸಾಲು ನನಗೆ ಹೊಳೆದದ್ದಾದರೂ ಎಲ್ಲಿಂದ? ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ನನ್ನ ತಂಗಿ ಆದಮ್ಮನನ್ನು ಬಳಗಾನೂರಿಗೆ ಕೊಟ್ಟಿದ್ದೇವೆ. ಎಂಬತ್ತಾರರಲ್ಲಿ ಮೂರು ಸಲ ಬಟ್ಟೆಗಂಟು ಹಿಡಿದು ತವರಿಗೆ ಬಂದಳು. ಓಣಿಯವರು ಆಡಿಕೊಂಡರು. ಅಪ್ಪ ಸುಮ್ಮನಿದ್ದ. ನಾನೇ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು, ಇನ್ನೊಮ್ಮೆ ಹೀಗೆ ಬರುವುದಿಲ್ಲ ಎಂದು ಅಪ್ಪನ ಮೇಲೆ ಆಣೆ ಹಾಕಿಸಿಕೊಂಡೆ. ಅವಳು ಬರಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಗುತ್ತಾಳೆ, ಬಡಿಸುತ್ತಾಳೆ, ನಗುತ್ತಾಳೆ. ಗಟ್ಟಿಯಾಗಿ ಹೇಳಿದರೆ ಸಂಸಾರ ಉಳಿಯುತ್ತದೆ ಎಂದು ಇದನ್ನೇ ಎಷ್ಟೋ ತರಬೇತಿಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಹನ್ನೊಂದು ವರ್ಷದಲ್ಲಿ ಹೇಗಿದ್ದೀ ಎಂದು ಮಾತ್ರ ಅವಳನ್ನು ಕೇಳಲಿಲ್ಲ. ಕೇಳಲು ಹೆದರಿಕೆ ನನಗೆ.

ಅಧಿಕಾರಿಗಳೇ, ಮುನ್ನೂರ ಹನ್ನೊಂದನ್ನು ನಿಮ್ಮ ವರದಿಯಿಂದ ಹೊಡೆದುಹಾಕಿ. ನನ್ನನ್ನು ಕೆಲಸದಿಂದ ತೆಗೆದರೂ ಸರಿ, ಆ ಮನೆಗಳಿಗೆ ಮಾತ್ರ ಯಾರಾದರೂ ಹೋಗಲೇಬೇಕು. ಇಲ್ಲಿರುವ ತಾಯಂದಿರೇ, ನಿಮ್ಮ ಓಣಿಯಲ್ಲಿ ಹೇಳಿ, ಹೆಬ್ಬೆಟ್ಟು ಒತ್ತಿದವರೂ ಬರಬಹುದು, ಹತ್ತು ಸಲ ಬರಬಹುದು. ಗ್ಯಾನಮ್ಮ ಗುರುವಾರವೇ ಬಂದಿದ್ದಾಳೆ, ನಮ್ಮ ಕೇಂದ್ರದ ಕೋಣೆಯಲ್ಲಿದ್ದಾಳೆ.

ಇನ್ನೂ ಹೇಳುವುದಿತ್ತು. ಆದರೆ ಅಕ್ಕನಿಗೆ ಶಾಲು ಹೊದಿಸುವುದನ್ನು ನೋಡಲು ಬೆಳಗಿನ ಬಸ್ಸಿಗೆ ಬಂದು, ನಾಲ್ಕನೇ ಸಾಲಿನಲ್ಲಿ ಕುಳಿತಿದ್ದ ಆದಮ್ಮ ಸೆರಗು ಬಾಯಿಗಿಟ್ಟುಕೊಂಡು ಬಾಗಿಲ ಕಡೆ ಹೊರಟಿದ್ದಾಳೆ. ಕೇಳಬೇಕಾದ್ದನ್ನು ಮೈಕಿನಲ್ಲಿ ಕೇಳಲಾರೆ. ಯಾರಾದರೂ ಅವಳನ್ನು ನಿಲ್ಲಿಸಿ. ಆದಮ್ಮಾ, ಹೋಗಬ್ಯಾಡ ನಿಲ್ಲು, ನಾನ ಕೆಳಗ ಬರಾಕತ್ತೀನಿ. ಕೇಳಿಸಿಕೊಂಡ ಎಲ್ಲರಿಗೂ ವಂದನೆ. ನಮಸ್ಕಾರ.