ಕಾಲಿಗೆ ಹತ್ತಿದ ಇಂಗ್ಲಿಷ್

ಅಧ್ಯಕ್ಷತೆ ವಹಿಸಿರುವ ನೇಕಾರರ ಸಂಘದ ಹೇಮಪ್ಪನವರೇ, ನನಗಿಂತ ಗಟ್ಟಿ ಕುರ್ಚಿ ಸಿಕ್ಕಿರುವ ವೇದಿಕೆಯ ಗಣ್ಯರೇ, ಮಗ್ಗ ನಿಲ್ಲಿಸಿ ಬಂದ ಬೆಟಗೇರಿಯ ಸಭಿಕರೇ, ಇಂದು ಸನ್ಮಾನಗೊಳ್ಳುತ್ತಿರುವ ರತ್ನವ್ವನವರೇ,

ಐವತ್ತೊಂದನೆಯ ವಯಸ್ಸಿನಲ್ಲಿ ರತ್ನವ್ವ ಹತ್ತನೇ ತರಗತಿ ಪಾಸಾಗಿದ್ದಾರೆ. ಪಾಸಾದರೆ ಮಾತ್ರ ಸಂಘದ ಸೀರೆ ಮಳಿಗೆಯ ಕೆಲಸ ಎಂದು ಷರತ್ತಿತ್ತು. ಅಡ್ಡ ಬಂದದ್ದು ಇಂಗ್ಲಿಷ್ ಒಂದೇ. ಕಲಿಸಿದವನು ನಾನು, ಈ ಮುಸ್ತಾಕ ಮಾಸ್ತರ. ಚಪ್ಪಾಳೆ ತಡೆಯಿರಿ, ಮುಂದೆ ಕೇಳಿ.

ಭಾನುವಾರದ ತರಗತಿಯಲ್ಲಿ ನಾನು ಇಂಗ್ಲಿಷ್ ಪಾಪ್ ಹಾಡು ಹಾಡಿ ವ್ಯಾಕರಣ ಹೇಳುತ್ತೇನೆ. ಬಿಟ್ಟುಹೋದ ಹುಡುಗಿಗಾಗಿ ಅಳುವ ಹಾಡು ಭೂತಕಾಲಕ್ಕೆ. ಬರಲಿರುವವಳಿಗಾಗಿ ಕಾಯುವ ಹಾಡು ಭವಿಷ್ಯತ್ಕಾಲಕ್ಕೆ. ವರ್ತಮಾನಕಾಲಕ್ಕೆ ಮಾತ್ರ ಹಾಡು ಸಿಗುವುದು ಕಷ್ಟ. ಹುಡುಗಿ ಎದುರಿಗೇ ಇದ್ದರೆ ಹಾಡುತ್ತಾ ಕೂರುವವರು ಯಾರು?

ನಾನು ಹಾಡುವಾಗ ರತ್ನವ್ವ ಬೆಂಚಿನ ಕೆಳಗೆ ಕಾಲು ಆಡಿಸುತ್ತಿದ್ದರು, ಮಗ್ಗ ತುಳಿದ ಹಾಗೆ. ನನಗೆ ಸಿಟ್ಟು ಬರುತ್ತಿತ್ತು. "ಕಾಲು ಸುಮ್ನ ಇಡ್ರಿ! ಇದು ಸಾಲಿ ಐತಿ, ಮಗ್ಗದ ಮನಿ ಅಲ್ಲ" ಎನ್ನುತ್ತಿದ್ದೆ. ಪಾಪ, ಸುಮ್ಮನಿಟ್ಟರು. ಎರಡು ಸಲ ಫೇಲಾದರು.

ಅಷ್ಟು ಸಿಟ್ಟು ಯಾಕೆ? ಹರೆಯದಲ್ಲಿ ನಾನು ಲಕ್ಷ್ಮೇಶ್ವರದ ಮಾಶಾಕ ಚಾಚಾರ ಬ್ಯಾಂಡ್ ಕಂಪನಿಯಲ್ಲಿ ಗಾಯಕ. ಮೂರು ಮದುವೆಯಲ್ಲಿ ಹಾಡಿ ಬಿಟ್ಟೆ. ಬಿಟ್ಟೆ ಅಂದರೆ... ಬಿಡಿಸಿದರು. "ಲೇ ಮುಸ್ತಾಕ, ನೀ ಹಾಡಿದ್ರ ಮದುಮಗನ ಕುದರಿ ಹೆಜ್ಜಿ ತಪ್ಪತೈತಲೇ" ಎಂದರು ಚಾಚಾ. ಕುದುರೆಗೆ ಗೊತ್ತಾದದ್ದು ರತ್ನವ್ವನ ಕಾಲಿಗೆ ಗೊತ್ತಾಗದೇ? ನಾನು ತಾಳ ತಪ್ಪಿದ ಕಡೆಯೆಲ್ಲ ಅವರ ಕಾಲು ಸರಿಯಾಗಿ ಬೀಳುತ್ತಿತ್ತು. ಇದನ್ನು ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಇರಲಿ, ಬಾಯಿಂದ ಬಂತು.

ಎರಡನೇ ಸಲ ಫೇಲಾದಾಗ ಸಮಾಧಾನ ಹೇಳಲು ಅವರ ಮನೆಗೆ ಹೋದೆ. ಖರೆ ಹೇಳಬೇಕೆಂದರೆ ಬೈಯಲು ಹೋಗಿದ್ದೆ. ಬಾಗಿಲಲ್ಲೇ ನಿಂತುಬಿಟ್ಟೆ. ರತ್ನವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಹಲಗೆ ತುಳಿಯುತ್ತಾ, ಲಾಳಿ ಓಡಿಸುತ್ತಾ, ನನ್ನ ಭೂತಕಾಲದ ಹಾಡನ್ನು ಒಂದು ತಪ್ಪಿಲ್ಲದೆ ಹಾಡುತ್ತಿದ್ದರು.

"ಇಲ್ಲಿ ಇಷ್ಟು ಚಂದ ಬರ್ತೈತಿ, ಪರೀಕ್ಷಾದಾಗ ಏನಾತ್ರಿ?" ಎಂದೆ.

"ನೀವ ಕಾಲು ಸುಮ್ನ ಇಡು ಅಂದ್ರೆಲ್ರಿ ಸರ್."

ಅಯ್ಯೋ, ನಾಚಿಕೆಯಿಂದ ಚಹಾ ಕೂಡ ಕುಡಿಯದೆ ಹೊರಟು ಬಂದೆ.

ಮೂರನೇ ಸಲ ನಾನೇ ಹೇಳಿದೆ, ಪರೀಕ್ಷೆಯಲ್ಲೂ ತುಳೀರಿ ಎಂದು. ತುಳಿದರು. ಕಾಲಡಿ ಚೀಟಿ ಇದೆಯೆಂದು ಮೇಲ್ವಿಚಾರಕರು ಚಪ್ಪಲಿ ಬಿಚ್ಚಿಸಿ ನೋಡಿದರಂತೆ. ಚೀಟಿ ಎಲ್ಲಿಂದ ಬರಬೇಕು? "ಸರ್, ಕೈ ಬರೀತೈತಿ ಅಷ್ಟ. ನೆನಪೆಲ್ಲಾ ಕಾಲಾಗ ಐತ್ರಿ" ಎಂದರಂತೆ ಇವರು. ಆ ಪುಣ್ಯಾತ್ಮ ನಕ್ಕು, "ಸಪ್ಪಳ ಆಗದಂಗ ತುಳೀರಿ ಅವ್ವಾ" ಎಂದು ಮುಂದೆ ಹೋದರಂತೆ. ನಲವತ್ತೊಂದು ಅಂಕ ಬಂದವು!

ಅವರ ಎರಡು ವರ್ಷ ಹಾಳು ಮಾಡಿದವನು ನಾನು. ನೀವು ನನಗೂ ಶಾಲು ಹೊದಿಸಿದ್ದೀರಿ, ಅದು ಆಗಿನಿಂದ ಚುಚ್ಚುತ್ತಿದೆ. ರತ್ನವ್ವ, ತಪ್ಪಾಯಿತು. ಎಲ್ಲರೆದುರು ಹೇಳುತ್ತಿದ್ದೇನೆ.

ಸಂಘಕ್ಕೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ ಉಪಕಾರ ಸ್ಮರಣೆಗಳು. ಈಗ ರತ್ನವ್ವನವರು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡುತ್ತಾರೆ. ಆಗಲೇ ಟೇಬಲ್ಲಿನ ಕೆಳಗೆ ಅವರ ಕಾಲು ಶುರುವಾಗಿದೆ. ಮುಂದಿನ ಸಾಲಿನವರು ದಯವಿಟ್ಟು ನಗಬೇಡಿ, ಆ ಕಾಲು ನಿಲ್ಲಬಾರದು.

ನಮಸ್ಕಾರ.