ಐದು ವರ್ಷದ ಮಾತು

ಇಳಕಲ್ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದವರು ಇಬ್ಬರು: ಸೀರೆ ನೇಯುವ ಬಸಲಿಂಗವ್ವ, ಆಕೆಗೆ ಕಂಪ್ಯೂಟರ್ ಹೊಂದಿಸಿಕೊಟ್ಟ ವಿಜಯಮಹಾಂತೇಶ. ಹೆಸರುಗಳು ಅವರ ಮಾತಿನಲ್ಲೇ ತಿಳಿದವು. ಆಕೆಯ ಕೈಯಲ್ಲಿ ಕಂಪ್ಯೂಟರಿನಿಂದ ತೆಗೆದ ಅಂಚಿನ ನಕ್ಷೆ ಇತ್ತು.

“ಇದರಾಗೂ ಒಂದು ಎಳಿ ಕಡಿಮಿ ಐತಿ ನೋಡು. ಇಂಥಾ ನಕ್ಷಿ ನೋಡಿ ಹುನಗುಂದದವರ ಲಗ್ನದ ಸೀರಿ ಎರಡು ನೇದು ಮುಗಿಸೇನಿ.”

“ಕಾಕೂ, ತಪ್ಪು ಕಂಪ್ಯೂಟರ್ ನಡಸೂ ಆಪರೇಟಿಂಗ್ ಸಿಸ್ಟಮ್ ಒಳಗ ಐತಿ. ಚಿತ್ರ ಮೂಡಿಸೂ ಪ್ರೋಗ್ರಾಮು, ಲೈಬ್ರರಿ ಅಂತಾರ, ಅದು ಪೂರಾ ಆಗೂ ಮೊದ್ಲ ಸಿಸ್ಟಮ್‌ನಾಗ ಸೇರಿಸಿ ಕಳಿಸ್ಯಾರ.”

“ಈಗರ ಪೂರಾ ಆಗೇತೇನು?”

“ಹೋದ ವರ್ಷನ ಆಗೇತಿ. ಆದ್ರ ಸಿಸ್ಟಮ್‌ನವರು ಅದನ್ನ ಹಾಕಂಗಿಲ್ಲ. ಐದು ವರ್ಷ ನೋಡ್ಕೋತೇವಿ, ನಡಿಯೂದು ಕೆಡಬಾರದಂತ ಒಳಗಿಂದು ಏನೂ ಬದಲಿ ಮಾಡಂಗಿಲ್ಲಂತ ಮಾತು ಕೊಟ್ಟಾರ.”

“ಮಗ್ಗಕ್ಕ ಹಾಸು ಏರಿಸಿದ ಮ್ಯಾಲ ನಾವೂ ಬದಲಿ ಮಾಡಂಗಿಲ್ಲ. ಅದಕ್ಕ ಏರಿಸೂ ಮೊದ್ಲ ಎಳಿ ಎಣಸ್ತೇವಿ. ಸಿಸ್ಟಮ್ ಹಾಕೂ ಮೊದ್ಲ ನೀ ನೋಡ್ಲಿಲ್ಲೇನು?”

“ನೋಡಿದ್ದೆ. ಲೈಬ್ರರಿ ಹೆಸರಿನ ಮುಂದ ಬೀಟಾ ಅಂತ ಇತ್ತು.”

“ಹಂಗಂದ್ರ?”

“ಇನ್ನೂ ಮುಗಿದಿಲ್ಲಂತ. ಐದು ವರ್ಷ ನೋಡ್ಕೋತೇವಿ ಅಂದಾರಲ್ಲ, ತಾವ ಸರಿ ಮಾಡ್ತಾರ ಅನ್ಕೊಂಡೆ.”

“ಮುಗಿದಿಲ್ಲಂತ ಅವರ ಬರದಾರ. ಬದಲಿ ಮಾಡಂಗಿಲ್ಲಂತನೂ ಅವರ ಹೇಳ್ಯಾರ.”

“ಹೂಂ.”

ಹುನಗುಂದದ ಬಸ್ ಬಂತು. ಬಸಲಿಂಗವ್ವ ನಕ್ಷೆಯನ್ನು ಮಡಚಿ ಚೀಲಕ್ಕೆ ಹಾಕಿ ಎದ್ದಳು.

“ಹಂಗಾರ ಅವರು ಮಾತಿಗೆ ತಪ್ಪಿಲ್ಲ ಬಿಡು. ನಡಿ, ಎಳಿ ಯಾಕ ಕಡಿಮಿ ಆತಂತ ಸೀರಿಯವರಿಗೆ ನೀನ ಹೇಳು.”