ಬಾವಿ ಕಡೆ ಕ್ಯಾಮೆರಾದ ಲಾಗ್

ಲೈಟ್ ಇರ್ಲಿ, ಆರಿಸಬ್ಯಾಡ್ರಿ. ಇದು ನಮ್ಮ ಸೋದರತ್ತಿ ಮಗ ಶಶಿಕಾಂತಗ ಹೋದ ವರ್ಷ ಆಗಿದ್ದು. ಸುಳ್ಳು ಅನಸಿದ್ರ ರಾಣೆಬೆನ್ನೂರಿಗೆ ಹೋಗಿ ಅವನ್ನ ಕೇಳ್ರಿ... ಅವ ನಿಮಗ ಹೇಳೂದಿಲ್ಲ. ಮಾರಿ ನೋಡ್ರಿ, ಸಾಕು.

ರಾತ್ರಿ ಒಂಬತ್ತು ದಾಟಿತ್ತು. ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗೂ ರಸ್ತಾದಾಗ ಗಂಗಾಧರ ಸಾಹುಕಾರನ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಐತಿ. ಅಲ್ಲಿ ಕೆಲಸಾ ಮುಗಿಸಿ ಶಶಿಕಾಂತ ಮನಿಗೆ ಹೊಂಟಿದ್ದ. ಬೈಕ್ ಹಿಂದಿನ ಗೇಟಿನ ಹೊರಗ. ನಡುವ ಒಂದು ಹಳೇ ಬಾವಿ, ಮ್ಯಾಲೆ ತಗಡು ಮುಚ್ಚ್ಯಾರ. ಬಾಜೂಕ ಇಪ್ಪತ್ತು ಫೂಟಿನ ಕಂಬ, ಕಂಬದ ತುದಿಗೆ ಕ್ಯಾಮೆರಾ. ವಾಚ್‌ಮನ್ ದುರಗಪ್ಪ ಬ್ಯಾಟರಿ ಹಿಡಕೊಂಡು ಜೋಡಿ ಬಂದಿದ್ದ.

"ಮುಂದಿನ ಗೇಟಿಂದ ಹೋಗೂಣ್ರಿ..." ದುರಗಪ್ಪ ಪಿಸುಗುಟ್ಟಿದ.

"ಯಾಕ?"

"ಆಕಿ ಹೊತ್ತು ಇದು."

ಶಶಿಕಾಂತ ಮೂಗಿನಾಗ ನಕ್ಕ. "ದುರಗಪ್ಪಾ, ದೆವ್ವಕ್ಕ ಐಪಿ ಅಡ್ರೆಸ್ ಇರೂದಿಲ್ಲಪಾ."

ಅವನ ಮಾತ ಹಂಗ. ಹುಬ್ಬಳ್ಳ್ಯಾಗ ಹದಿನೈದು ದಿನದ ಸಿಸಿಟಿವಿ ಕೋರ್ಸ್ ಮುಗಿಸಿ ಬಂದಾಗಿಂದ ಅವಗ ಜಗತ್ತೆಲ್ಲಾ ದಡ್ಡರ ಸಂತಿ.

ಸಂಗತಿ ಏನಂದ್ರ, ಆ ಕಂಬದ ಕ್ಯಾಮೆರಾ ಒಂದು ತಿಂಗಳಿಂದ ದಿನಾ ರಾತ್ರಿ ಒಂಬತ್ತು ಹನ್ನೆರಡಕ್ಕ ಕಪ್ಪಾಗೂದು. ನಾಕು ನಿಮಿಷ. ಆಮ್ಯಾಲೆ ತಾನ ಸರಿ. ಅದ ತಿಂಗಳ ಮೂರು ಚೀಲ ಮೆಣಸಿನಕಾಯಿ ಕಾಣದಂಗ ಆಗಿದ್ವು. ಸಾಹುಕಾರಗ ವಿಚಾರ ಮಾಡೂದಂದ್ರ ಹೊಟ್ಟಿನೋವು. "ದುರಗ್ಯಾನ ವಾಯರ್ ಕೀಳ್ತಾನ. ನಾಳಿ ಅವನ್ನ ಪೊಲೀಸರಿಗೆ ಕೊಡ್ತೇನಿ, ನೀ ಪುರಾವೆ ತಗದುಕೊಡು" ಅಂತ ಶಶಿಕಾಂತನ್ನ ಕರಸಿದ್ದ.

ಪುರಾವೆ ಅಂದ್ರ ಲಾಗ್. ಕ್ಯಾಮೆರಾ ತಂದು ತಾನ ಬರಕೊಳ್ಳೂ ದಿನಚರಿ. ಯಾವಾಗ ಕರೆಂಟ್ ಹೋತು, ಯಾವಾಗ ವಾಯರ್ ಕಿತ್ತಿತು, ಯಾರು ಪಾಸ್‌ವರ್ಡ್ ಹಾಕಿ ಒಳಗ ಬಂದ್ರು, ಎಲ್ಲಾ. ಆದ್ರ ಅದು ಆಫ್ ಇತ್ತು. ಕ್ಯಾಮೆರಾ ಕೂಡಿಸಿದಾಗಿಂದ, ಎಂಟು ತಿಂಗಳು, ಆಫ್. ಕೂಡಿಸಿದ ಶಾಣ್ಯಾ ಯಾರು? ಇವನ! ಸಾಹುಕಾರಗ ಹೇಳಿದ್ನೇನು? ಹೇಳೂ ಮಾರಿನ ಅಲ್ಲ ಅದು. "ಅಪ್‌ಡೇಟ್ ಮಾಡಾಕತ್ತೇನ್ರಿ" ಅಂದು ಆಫೀಸಿನಾಗ ಕುಂತ. ಲಾಗ್ ಆನ್ ಮಾಡಿದ. ಕ್ಯಾಮೆರಾದ ಗಡಿಯಾರ ಸರಿ ಮಾಡಿದ. ಬರದದ್ದೆಲ್ಲಾ ಆಫೀಸಿನ ಕಂಪ್ಯೂಟರಿಗೆ ಹೋಗೂಹಂಗ ಅದರ ಅಡ್ರೆಸ್ ಕೊಟ್ಟ, ತನ್ನ ಮೊಬೈಲಿಗೂ ಬರೂಹಂಗ ಮಾಡಿಕೊಂಡ. ದೊಡ್ಡ ಸಂಗತಿ ಅಷ್ಟ ಬರೀಲೋ, ಸಣ್ಣದೂ ಬರೀಲೋ ಅಂತ ಕೇಳಿತು. "ಎಲ್ಲಾ ಬರಿ" ಅಂತ ಒತ್ತಿದ.

ಒತ್ತಿ, ಈಗ ಬಾವಿ ಹತ್ರ ಬಂದಾನ.

"ಯಾರಪಾ ನಿನ್ನ ಆಕಿ?"

"ಕಾವೇರಿ ರೀ. ಇಲ್ಲೇ ಮೆಣಸಿನಕಾಯಿ ತೊಟ್ಟು ಮುರಿಯಾಕ ಬರ್ತಿದ್ಲು. ಹಿಂದಿನ ಸುಗ್ಗ್ಯಾಗ, ರಾತ್ರಿ ಪಾಳಿ... ನೀರು ಸೇದಾಕ ಬಂದಾಕಿ ಈ ಬಾವ್ಯಾಗ ಬಿದ್ದು ಸತ್ಲು. ಪರಿಹಾರ ಕೊಡೂದು ತಪ್ಪಸಾಕ, ಆಕಿ ಅವತ್ತ ಕೆಲಸಕ್ಕ ಬಂದಿರ್ಲೇ ಇಲ್ಲ ಅಂದ್ರು ಸಾಹುಕಾರ್ರು. ಹಾಜರಿ ಪುಸ್ತಕದಾಗಿನ ಹಾಳಿ ಹರದಿತ್ತು." ದುರಗಪ್ಪ ನಿಂತ. "ಗೇಟ್ ತಗದಾವ ನಾನ್ರಿ. ಬಂದಿದ್ಲು."

"ಸತ್ತಾಕಿಗೆ ಹಾಜರಿ ಯಾಕ ಬೇಕೋ?"

ಖರೇನ ಹಿಂಗ ಅಂದ ನಮ್ಮ ಶಶಿಕಾಂತ. ಅಂದು, ಬಾವಿ ತಗಡಿನ ಮ್ಯಾಲೆ ಉಗುಳಿದ.

ಕೋಲ್ಡ್ ಸ್ಟೋರೇಜಿನ ಮಷೀನು ಹಗಲು ರಾತ್ರಿ ಗೊಂಯ್ ಅಂತಿರತೈತಿ. ಅದು ಗಪ್ಪನ ನಿಂತಿತು.

ಎಲ್ಲಾ ಸುಮ್ಮ...

ಚಿಟಕ್.

ಸ್ವಲ್ಪ ಬಿಟ್ಟು... ಚಿಟಕ್. ಚಿಟಕ್.

ಒಣಗಿದ ಮೆಣಸಿನಕಾಯಿ ತೊಟ್ಟು ಮುರದ ಸಪ್ಪಳ. ಬ್ಯಾಡಗಿ ಕಡೆಯವರಿಗೆ ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಬಾವ್ಯಾಗಿಂದ ಅಲ್ಲ. ಮ್ಯಾಲಿಂದ... ಕಂಬದ ತುದಿಯಿಂದ.

ಮೊಬೈಲ್ ಡರ್ರ್ ಅಂತು. ಲಾಗ್ ಬಂದಿತ್ತು. ಒಂಬತ್ತು ಹನ್ನೆರಡು, ಲೆನ್ಸ್ ಮುಚ್ಚೈತಿ. ಕರೆಂಟ್ ಐತಿ. ವಾಯರ್ ಐತಿ. ಶಶಿಕಾಂತ ಬ್ಯಾಟರಿ ಕಸಗೊಂಡು ಮ್ಯಾಲೆ ಬಿಟ್ಟ. ಲೆನ್ಸಿಗೆ ಏನೂ ಇಲ್ಲ, ಬರೇ ಗಾಜು. ದುರಗಪ್ಪ ಎರಡೂ ಕೈ ಎದಿಗೆ ಕಟ್ಟಿಕೊಂಡು ಬಾಜೂಕ ನಿಂತಾನ.

ಕಳ್ಳರನ್ನ ಗದರಸಾಕ ಆ ಕ್ಯಾಮೆರಾಕ್ಕ ಒಂದು ಸಣ್ಣ ಸ್ಪೀಕರ್ ಇರತೈತಿ. ಅದರಾಗಿಂದ ಉಸುರು ಬಂತು. ಹಸಿ ಉಸುರು... ಗಂಟಲದಾಗ ನೀರು ನಿಂತವರದು.

"ಬರಕೊಂಡ್ಯಾ?"

ಶಶಿಕಾಂತ ಎರಡು ಹೆಜ್ಜಿ ಹಿಂದ ಸರದ.

"ಬರಕೊಂಡ್ಯಾ... ಶಾಣ್ಯಾ?"

ಆ 'ಶಾಣ್ಯಾ' ಅನ್ನೂದು, ಕಾಲಿಗೆ ಹತ್ತಿದ ಹೊಲಸು ಕಲ್ಲಿಗೆ ವರಸಿಧಂಗ ಇತ್ತಂತ.

"ಬರಕೊಂಡೇನ್ರೀ..." ಅಂದ. ರೀ ಅಂದ! ಕೂಲಿಯವರಿಗೆ ಜನ್ಮದಾಗ ರೀ ಅಂದಾವಲ್ಲ ಅವ.

ಒಂಬತ್ತು ಹದಿನಾರಕ್ಕ ಮಷೀನು ಮತ್ತ ಗೊಂಯ್ ಅಂತು.

ಐಪಿ ಅಡ್ರೆಸ್ಸಿನ ಪಂಡಿತ ಮನಿಗೆ ಹೋಗಲಿಲ್ಲ. ದುರಗಪ್ಪನ ಖೋಲ್ಯಾಗ, ದುರಗಪ್ಪನ ಕಂಬಳಿ ಹೊದ್ದುಕೊಂಡು, ದುರಗಪ್ಪನ ಕೈ ಹಿಡಕೊಂಡು ಬೆಳಕು ಹರಿಸಿದ.

ಮುಂಜಾನೆ ಸಾಹುಕಾರ ಬಂದ. ಆಫೀಸಿನ ಕಂಪ್ಯೂಟರಿನಾಗ ಲಾಗ್ ತಗದ್ರು. ವಾಯರ್ ಯಾರೂ ಕಿತ್ತಿಲ್ಲ. ಕರೆಂಟ್ ಹೋಗಿಲ್ಲ. ಆದ್ರ ಯಾರು ಒಳಗ ಬಂದ್ರು ಅಂತ ಹೆಸರು ಬರಿಯೂ ಜಾಗಾ ಇರತೈತಲ್ಲ, ಒಂಬತ್ತು ಹನ್ನೆರಡರ ಮುಂದ, ಕನ್ನಡ ಅಕ್ಷರದಾಗ, "ಕಾವೇರಿ. ಹಾಜರ" ಅಂತ ಇತ್ತು. ಆ ಕ್ಯಾಮೆರಾಕ್ಕ ಕನ್ನಡ ಬರೂದ ಇಲ್ರಿ. ಕನ್ನಡ ಹಾಕಿದ್ರ ಬರೇ ಡಬ್ಬಿ ಡಬ್ಬಿ ಕಾಣತಾವ.

ಸಾಹುಕಾರನ ತುಟಿ ಬೆಳ್ಳಗಾತು. "ಅಳಸು ಅದನ್ನ," ಅಂದ ಸಣ್ಣ ದನಿಲೆ.

ಶಶಿಕಾಂತ ಅಳಸೂ ಬದ್ಲಿ ಪ್ರಿಂಟ್ ಒತ್ತಿಬಿಟ್ಟ. ಮನಸು ಕರಗಿ ಒತ್ತಿದೆ ಅಂತಾನ ಈಗ. ನಾ ನಂಬೂದಿಲ್ಲ. ಅಂಜಿ ತಪ್ಪು ಗುಂಡಿ ಒತ್ತ್ಯಾನ.

ದುರಗಪ್ಪ ಒಳಗ ಬಂದು ಕೀಲಿಗೊಂಚಲ ಟೇಬಲ್ ಮ್ಯಾಲೆ ಒಗದ. "ವಾಯರ್ ಕಿತ್ತಾವ ನಾನಲ್ಲಂತ ಓದಿಕೊಂಡ್ರಿಲ್ಲ? ಇನ್ನ ಮ್ಯಾಲೆ ನೀವ ಕಾಯ್ಕೋರಿ. ನಿಮ್ಮಂಥವ್ರ ಮಾಲು ಕಾಯಾಕ ನಂಗ ಹೇಸಿಕಿ ಬರತೈತಿ."

ಆ ಮೂರು ಚೀಲ ಸಾಹುಕಾರನ ಅಳಿಯ ನಂದನನ ಗಾಡ್ಯಾಗ ಹಾವೇರಿಗೆ ಹೋಗಿದ್ದು ವಾರದ ಮ್ಯಾಲೆ ಗೊತ್ತಾತು. ದುರಗಪ್ಪನ್ನ ವಾಪಸ್ ಕರಿಯಾಕ ಸಾಹುಕಾರ ಎರಡು ಸಲ ಮಂದಿನ್ನ ಕಳಿಸಿದ. ಅವ ಬಾಗಿಲನ ತಗೀಲಿಲ್ಲ.

ಇದರಾಗ ಒಂದಕ್ಷರ ನಾ ಕೂಡಿಸಿಲ್ಲ. ಶಶಿಕಾಂತ ಕೊಟ್ಟ ಆ ಪ್ರಿಂಟ್ ಹಾಳಿ ನನ್ನ ಕಡೆ ಐತಿ, ನಾನ ಓದೇನಿ. ಕಾವೇರಿ ಕೆಳಗ, ಅದ ಒಂಬತ್ತು ಹನ್ನೆರಡಕ್ಕ, ಇನ್ನೊಂದು ಹೆಸರು ಐತಿ... "ಉಚ್ಚಂಗೆವ್ವ. ಹಾಜರ."

ಇಪ್ಪತ್ತು ವರ್ಷ ಆ ಗೇಟ್ ಕಾದಾನ ದುರಗಪ್ಪ. ಅವನ್ನ ಕೇಳಿದೆ. ಉಚ್ಚಂಗೆವ್ವ ಯಾರಂತ ಅವಗೂ ಗೊತ್ತಿಲ್ಲ. ಬಾವಿ ಅವನಕಿಂತ ಹಳೇದು.